ಹಾಲಿನ ಲಾರಿಗೆ ಹೊಸ ದೀಪ

ಡಿಸೆಂಬರ್ 14

ಇವತ್ತೂ ತಡವಾಯಿತು. ಡೇರಿಯಲ್ಲಿ ಹಾಲು ಇಳಿಸಿಕೊಳ್ಳುವ ಪೆಂಕಾ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಹಿರಿಯ ಅಂತ 'ಬಾಯ್' ಸೇರಿಸಿ ಕರೆದರೂ ದನಿ ಮಾತ್ರ ಬೈಗುಳದ್ದೇ.

"ಬಾಯ್ ಕಾಲ್ಚೊ, ಏಳು ಗಂಟೆ ಅಂದ್ರೆ ಏಳು ಗಂಟೆ. ಕಾಯಿಸೋ ಕಡಾಯಿ ನಿನ್ನ ದಾರಿ ಕಾಯಲ್ಲ. ಜನವರೀಲೂ ಹಿಂಗೇ ಆದ್ರೆ ಮೇಲಿನ ಹಳ್ಳಿಗಳ ಹಾಲು ಚಾವ್ದರನ ಲಾರಿಗೆ ಹೋಗುತ್ತೆ. ನನ್ನ ಮಾತಲ್ಲ, ಯಜಮಾನರದ್ದು."

ಚಾವ್ದರನಂತೆ! ಸಹಕಾರ ಸಂಘ ಮುರಿದುಬಿದ್ದ ಕಾಲದಲ್ಲಿ ಆ ಹಳ್ಳಿಗಳ ಒಂದೊಂದು ಬಾಗಿಲು ತಟ್ಟಿದವನು ನಾನು. ಒಂದು ಕತ್ತೆ, ಎರಡು ಕ್ಯಾನು, ಒಂದು ನಾಲಿಗೆ, ಇಷ್ಟೇ ಬಂಡವಾಳ. ಕತ್ತೆ ಸತ್ತಿತು, ಕ್ಯಾನು ತೂತಾಯಿತು, ನಾಲಿಗೆ ಮಾತ್ರ ಇವತ್ತಿಗೂ ಲಾಭದಲ್ಲಿದೆ.

ತಪ್ಪು ನನ್ನದಲ್ಲ, ರಸ್ತೆಯದು. ಈ ಚಳಿಗಾಲ ರೊಡೊಪಿ ಬೆಟ್ಟದ ಕತ್ತಲು ಎಂದಿಗಿಂತ ದಪ್ಪವಾಗಿದೆ. ಲಾರಿಯ ಹೆಡ್‌ಲೈಟುಗಳಿಗೆ ವಯಸ್ಸಾಗಿದೆ. ಎದುರು ಬರುವ ಕಾರುಗಳ ದೀಪಗಳಿಗಂತೂ ಕೂದಲು ಬೆಳೆದಿದೆ. ಸುತ್ತಲೂ ಕೆದರಿಕೊಂಡು ಬರುತ್ತವೆ. ಹೀಗಿರುವಾಗ ಯಾರಾದರೂ ನಿಧಾನವಾಗಿಯೇ ಓಡಿಸುತ್ತಾರೆ.

ದೀಪ ಹಾಕಿಸಬೇಕು. ಇವತ್ತೇ ನಿರ್ಧರಿಸಿದೆ.

ಡಿಸೆಂಬರ್ 17

ಸ್ಮೋಲ್ಯಾನ್ ಸಂತೆಯಲ್ಲಿ ಎಲ್‌ಇಡಿ ಪಟ್ಟಿ ಕೊಂಡೆ. ಒಂದು ತೋಳಿನುದ್ದ, ಸಾಲಾಗಿ ಹಲ್ಲು ಬಿಟ್ಟಂತೆ ಬಲ್ಬುಗಳು. ಜೊತೆಗೆ ವೈರು, ರಿಲೇ, ಸ್ವಿಚ್ಚು, ಎಲ್ಲ ಒಂದೇ ಡಬ್ಬಿಯಲ್ಲಿ. ಮಾರುವವನು, "ಬಾಯ್, ಇದನ್ನ ಹಚ್ಚಿದ್ರೆ ಬೆಳಗಾಯ್ತು ಅಂತ ಹುಂಜ ಕೂಗುತ್ತೆ" ಅಂದ. ಅವನ ಮಾತು ಕೇಳಿ ನನ್ನ ಪ್ರಾಯ ನೆನಪಾಯಿತು. ಸುಳ್ಳನ್ನು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಹೇಳುವವರು ಈಗ ಕಡಿಮೆ. ಅದಕ್ಕೇ ಚೌಕಾಸಿ ಅರ್ಧಕ್ಕೇ ನಿಲ್ಲಿಸಿದೆ.

ಮನೆಗೆ ತಂದರೆ ತೋತ್ಕಾ ಒಲೆಯ ಮುಂದಿಂದ ತಿರುಗಿಯೂ ನೋಡಲಿಲ್ಲ.

"ಕಣ್ಣು ತೋರಿಸ್ಕೊಂಡು ಬಾ ಅಂದ್ರೆ ದೀಪ ತಂದ್ಯಾ?"

"ಕಣ್ಣಿಗೇನಾಗಿದೆ? ನಿನ್ನನ್ನ ಆರಿಸಿದ್ದು ಇದೇ ಕಣ್ಣು."

"ಅವತ್ತೇ ತೋರಿಸ್ಬೇಕಿತ್ತು."

ಮೂವತ್ತೈದು ವರ್ಷದ ಸಂಸಾರ. ನನ್ನ ನಾಲಿಗೆಯಿಂದ ಅವಳಿಗೂ ಬಡ್ಡಿ ಸೇರಿದೆ.

ಡಿಸೆಂಬರ್ 20

ಪಟ್ಟಿ ಕೂರಿಸಿದೆ. ಬಂಪರಿನ ಮೇಲಿನ ಕಬ್ಬಿಣಕ್ಕೆ ಎರಡು ತೂತು ಕೊರೆದು, ಎರಡು ಹಿಡಿಕೆ ಬಿಗಿದು, ನಡುವೆ ಪಟ್ಟಿ. ನನ್ನ ಮಗಳು ನೆವೆನಾ ಮಟ್ಟಗೋಲು ಹಿಡಿದುಕೊಂಡು ಬಂದಳು.

"ಅಪ್ಪ, ಇದನ್ನಿಟ್ಟು ಒಂದ್ಸಲ ನೋಡೋಣ."

"ನನ್ನ ಕಣ್ಣೇ ಮಟ್ಟಗೋಲು. ಅದನ್ನ ಒಳಗಿಡು, ನೆನೆದುಹೋಗುತ್ತೆ."

ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಮಕ್ಕಳಿಲ್ಲ ಅಂತ ಶಾಲೆ ಮುಚ್ಚಿದರು, ಬಸ್ಸನ್ನೂ ಮಾರಿದರು. ಕೈಯಲ್ಲಿ ದೊಡ್ಡ ಗಾಡಿಯ ಪರವಾನಗಿ ಇದೆ, ಓಡಿಸಲು ಗಾಡಿಯಿಲ್ಲ. "ನನ್ನನ್ನ ಹಾಲಿನ ಲಾರಿಗೆ ಹಾಕ್ಕೋ" ಅಂತ ಬೇಸಿಗೆಯಿಂದ ಕೇಳುತ್ತಿದ್ದಾಳೆ. ಹಾಲಿನ ಸುತ್ತು ಅಂದರೆ ಬರೀ ಸ್ಟೇರಿಂಗ್ ತಿರುಗಿಸುವುದಲ್ಲ ಅಂತ ಇವರಿಗೆ ಹೇಗೆ ಹೇಳುವುದು? ಯಾರ ಹಸು ಕರು ಹಾಕಿತು, ಯಾರ ಹಾಲಿಗೆ ನೀರು ಬಿತ್ತು, ಯಾವ ಮುದುಕಿಗೆ ಮೊದಲು ನಮಸ್ಕಾರ ಹೇಳಬೇಕು, ಇದೆಲ್ಲ ಪರವಾನಗಿ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಬಿಗಿದು ಮುಗಿಸಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದೆ. ಗೆರೆ ಎಳೆದ ಹಾಗೆ ನೇರ. ನೆವೆನಾ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ನೋಡಿ, ಮಟ್ಟಗೋಲನ್ನು ಒಳಗಿಡಲು ಹೋದಳು. ಅದರ ಅಗತ್ಯ ಏನಿತ್ತು?

ಡಿಸೆಂಬರ್ 21

ವೈರಿಂಗ್. ಇಡೀ ದಿನ ಹೋಯಿತು.

ಕೆಲಸ ಗೊತ್ತಿಲ್ಲದವರು ಬ್ಯಾಟರಿಯಿಂದ ನೇರ ಸ್ವಿಚ್ಚಿಗೆ, ಸ್ವಿಚ್ಚಿಂದ ದೀಪಕ್ಕೆ ಎಳೆದುಬಿಡುತ್ತಾರೆ. ಆಮೇಲೆ ಸ್ವಿಚ್ಚು ಬಾಣಲೆಯ ಹಾಗೆ ಕಾಯುತ್ತದೆ. ನಾನು ಹಾಗಲ್ಲ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಅಲ್ಲಿಂದ ರಿಲೇ, ರಿಲೇಯಿಂದ ದೀಪ. ರಿಲೇಗೆ ಅಪ್ಪಣೆ ಕೊಡುವುದು ಹೆಡ್‌ಲೈಟಿನ ಮೇಲ್ಬೆಳಕು. ಎದುರು ಗಾಡಿ ಬಂದು ನಾನು ಬೆಳಕು ತಗ್ಗಿಸಿದರೆ ಪಟ್ಟಿಯೂ ತಾನಾಗಿ ಆರಬೇಕು. ಇಲ್ಲದಿದ್ದರೆ ಪೊಲೀಸರಿಗೆ ಹಬ್ಬ. ಅರ್ತ್ ವೈರಿಗೆ ಬಣ್ಣ ಕೆರೆದು ಬರಿ ಕಬ್ಬಿಣ ಹುಡುಕಿದೆ. ಇಷ್ಟು ಅಚ್ಚುಕಟ್ಟು ಕೆಲಸ ಕಲಿತವರೂ ಮಾಡುವುದಿಲ್ಲ.

ಒಂದೇ ದೂರು. ಈಗಿನ ವೈರುಗಳಿಗೆ ಬಣ್ಣ ಹಾಕುವುದರಲ್ಲೂ ಜಿಪುಣತನ. ನೀಲಿ ಯಾವುದು, ಕಪ್ಪು ಯಾವುದು ಅಂತ ದೇವರಿಗೇ ಗೊತ್ತು. ಫ್ಯೂಸು ಸುಟ್ಟಿತು. ಹೊಸದು ಹಾಕಿದೆ, ಅದೂ ಸುಟ್ಟಿತು. ನೆವೆನಾ ಬಗ್ಗಿ ನೋಡಿ, "ಅಪ್ಪ, ಇದು ನೀಲಿ. ಇದು ಕಪ್ಪು. ಅದಲು ಬದಲಾಗಿದೆ" ಅಂತ ಎರಡನ್ನೂ ಬದಲಿಸಿದಳು.

"ಗೊತ್ತು. ನೀನು ಗಮನ ಕೊಡ್ತಿದ್ದೀಯಾ ಅಂತ ನೋಡ್ತಿದ್ದೆ."

"ಎರಡು ಫ್ಯೂಸು ಖರ್ಚು ಮಾಡಿ ನೋಡಿದ್ಯಾ?"

"ಪಾಠ ಬಿಟ್ಟಿ ಸಿಗಲ್ಲ."

ಪಟ್ಟಿಯ ಹಿಂದೆ ವೈರು ಸೇರುವ ಕನೆಕ್ಟರಿನ ಬಾಯಿಯನ್ನು ಕೆಳಮುಖವಾಗಿ ಇಡಬೇಕು ಅಂತಲೂ ಅಂದಳು. ಮೇಲ್ಮುಖ ಇದ್ದರೆ ಕೈಗೆ ಸಿಗುತ್ತದೆ, ಬಿಚ್ಚಲು ಸಲೀಸು. ಮೇಲ್ಮುಖವೇ ಇಟ್ಟೆ.

ಕತ್ತಲಾಗುತ್ತಿದ್ದಂತೆ ಹಚ್ಚಿದೆ. ಎದುರಿನ ಕೊಟ್ಟಿಗೆಯ ಗೋಡೆ ಸುಣ್ಣ ಬಳಿದ ಹಾಗಾಯಿತು. ಪಕ್ಕದ ಮನೆಯ ಹುಂಜ ನಿಜಕ್ಕೂ ಕೂಗಿತು. ಬೆಳಕಿನ ಸುತ್ತ ಕಾಮನಬಿಲ್ಲಿನ ಉಂಗುರ ಬೇರೆ! ಒಳ್ಳೆಯ ಮಾಲಿಗೆ ಮಾತ್ರ ಹೀಗಿರುತ್ತದೆ ಅಂತ ಕಾಣುತ್ತದೆ. ನೆವೆನಾಗೆ ಉಂಗುರ ಕಾಣಲಿಲ್ಲವಂತೆ. ಅವಳು ನಿಂತ ಜಾಗ ಸರಿಯಿರಲಿಲ್ಲ.

ಡಿಸೆಂಬರ್ 22

ಹೊಸ ದೀಪದ ಮೊದಲ ಸವಾರಿ. ತೋತ್ಕಾ ಎಷ್ಟೇ ಗೊಣಗಿದರೂ ಶಾಸ್ತ್ರ ಬಿಡುವವಳಲ್ಲ. ತಾಮ್ರದ ತಂಬಿಗೆಯಲ್ಲಿ ನೀರು, ನೀರಿಗೆ ಕುಂಡದಿಂದ ಕಿತ್ತ ಜೆರೇನಿಯಂ ಚಿಗುರು. ಹೊರಡುವವರ ಕಾಲ ಮುಂದೆ ನೀರು ಚೆಲ್ಲಿದರೆ ಹೋದ ಕೆಲಸ ನೀರಿನಂತೆ ಹರಿಯುತ್ತದೆ. ನನ್ನ ಮುಂದೆ ಚೆಲ್ಲಿದಳು. ಆಮೇಲೆ ಲಾರಿಯ ಮುಂದೆ ಹೋಗಿ, "ನೀನೂ ಹೊಸಬ, ನೀನೂ ದುಡಿಯೋಕೆ ಹೊರಟಿದ್ದೀಯಾ" ಅಂತ ದೀಪದ ಪಟ್ಟಿಯ ಮೇಲೂ ಉಳಿದದ್ದನ್ನು ಸುರಿದಳು.

ಏಳಕ್ಕೆ ಮುಂಚೆ ಡೇರಿ ತಲುಪಿದೆ. ಪೆಂಕಾ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗಡಿಯಾರ ನೋಡಿದಳು. "ನಿಂತುಹೋಗಿದ್ಯಾ ಅಂತ ನೋಡ್ತೀಯಾ?" ಅಂದೆ.

ದೀಪ ಗೆದ್ದಿತು. ತೋತ್ಕಾ ಗೆದ್ದದ್ದು ತನ್ನ ನೀರು ಅನ್ನುತ್ತಾಳೆ. ಇನ್ನು ದಿನಾ ಸುರಿಯುತ್ತಾಳಂತೆ. ಸುರಿಯಲಿ, ನೀರಿಗೇನು ದುಡ್ಡೇ?

ಜನವರಿ 1

ಹೊಸವರ್ಷದ ಬಾನಿತ್ಸಾ. ಚೀಸ್ ತುಂಬಿದ ಪದರಗಳ ನಡುವೆ ತೋತ್ಕಾ ಭವಿಷ್ಯದ ಚೀಟಿಗಳನ್ನಿಟ್ಟು ಬೇಯಿಸಿದ್ದಳು. ತಟ್ಟೆ ತಿರುಗಿಸಿ ನಿಲ್ಲಿಸಿದಾಗ ಎದುರಿಗೆ ಬಂದ ತುಂಡು ಅವರವರದು. ನನ್ನ ತುಂಡಿನಲ್ಲಿ ಸಿಕ್ಕಿದ ಚೀಟಿಯಲ್ಲಿ ಅಕ್ಷರಗಳು ಇರುವೆಗಿಂತ ಸಣ್ಣ. ನೆವೆನಾ ಓದಿದಳು: "ಆರೋಗ್ಯ." ಅವಳದ್ದರಲ್ಲಿ: "ದಾರಿ."

"ತಟ್ಟೆ ತಿರುಗಿಸಿದ್ದು ನೀನೇ" ಅಂದೆ ತೋತ್ಕಾಗೆ.

"ತಟ್ಟೆ ದೇವರು ತಿರುಗಿಸ್ತಾನೆ. ನಾನು ಬೆಣ್ಣೆ ಹಚ್ತೀನಿ ಅಷ್ಟೆ."

ಅವಳು ವ್ಯಾಪಾರಕ್ಕೆ ಇಳಿದಿದ್ದರೆ ನಾನು ಈಗಲೂ ಕತ್ತೆ ಹೊಡೆಯುತ್ತಿದ್ದೆ.

ಜನವರಿ 9

ದೀಪ ಮಿಟುಕುತ್ತಿದೆ. ತಿರುವಿನಲ್ಲಿ ಒಂದು ಸಲ, ಹಳ್ಳದ ಮೇಲೆ ಒಂದು ಸಲ. ಮಾರಿದವನಿಗೆ ಫೋನ್ ಮಾಡಿ ಅವನ ವಂಶವನ್ನೆಲ್ಲ ವಿಚಾರಿಸಿಕೊಂಡೆ. ಅವನು ತಣ್ಣಗೆ, "ಬಾಯ್, ದೀಪ ಅಲ್ಲ, ಎಲ್ಲೋ ಜೋಡಣೆ ಸಡಿಲ" ಅಂದ. ನನ್ನ ಜೋಡಣೆ! ಸಡಿಲ!

ಕಾಫಿ ಅಂಗಡಿಯಲ್ಲಿ ಚಾವ್ದರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಲವತ್ತು ದಾಟಿಲ್ಲ, ಲಾರಿ ಹೊಸದು, ಮೀಸೆ ಅದಕ್ಕಿಂತ ಹೊಸದು.

"ಬಾಯ್ ಕಾಲ್ಚೊ, ನಿನ್ನ ದೀಪ ಪೆಂಕಾಗೆ ಕಣ್ಣು ಹೊಡೆಯುತ್ತಂತೆ!"

"ಹೊಡೀಲಿ. ನಿನ್ನ ದೀಪಕ್ಕೆ ಆ ತಾಕತ್ತೂ ಇಲ್ಲ."

"ಅದ್ಯಾಕೆ ಕತ್ತು ವಾಲಿಸ್ಕೊಂಡು ನಿಂತಿದೆ? ಅದಕ್ಕೂ ಬೆಳಿಗ್ಗೆ ಬೆಳಿಗ್ಗೆ ರಾಕಿಯಾ ಕುಡಿಸ್ತೀಯಾ?"

ಎಲ್ಲರೂ ನಕ್ಕರು. ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಹೊರಗೆ ಬಂದು ಇನ್ನೊಮ್ಮೆ ನೋಡಿದೆ. ನೇರವಾಗಿದೆ.

ಜನವರಿ 12

ತಡ. ಮಂಜು. ಪೆಂಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 13

ತಡ. ಇವತ್ತು ಬೈದಳು. "ಇನ್ನೊಂದೇ ಸಲ, ಬಾಯ್ ಕಾಲ್ಚೊ. ಆಮೇಲೆ ನನ್ನ ಕೈ ಮೀರುತ್ತೆ."

ಜನವರಿ 17

ಇವತ್ತಿನದನ್ನು ಪೂರ್ತಿ ಬರೆದಿಡುತ್ತೇನೆ. ನಾಳೆ ಯಾರಾದರೂ ಬೇರೆ ಥರ ಹೇಳಬಹುದು.

ತೋತ್ಕಾ ನೆವೆನಾಳನ್ನು ಜೊತೆಗೆ ಹತ್ತಿಸಿದಳು. ಕ್ಯಾನು ಎತ್ತಲು ನನ್ನ ಬೆನ್ನು ಸುಮ್ಮನಿರುವುದಿಲ್ಲವಂತೆ. ನನ್ನ ಬೆನ್ನಿನ ಬಗ್ಗೆ ಅವಳಿಗೆ ಈ ಅನುಕಂಪ ಎಲ್ಲಿಂದ ಬಂತೋ. ಹತ್ತಿಸಿಕೊಂಡೆ.

ಮೇಲಿನ ಹಳ್ಳಿಗಳ ಹಾಲೆಲ್ಲ ತುಂಬಿಸಿ ಇಳಿಯುತ್ತಿದ್ದೆವು. ಮೇಕೆ ತಿರುವಿಗೆ ಬರುವಾಗ ಪಟ್ಟಿ ಎರಡು ಸಲ ಮಿಟುಕಿ ಆರಿಹೋಯಿತು. ಪೂರ್ತಿ. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ಬ್ರೇಕು ಒತ್ತಿ ನಿಲ್ಲಿಸಿದೆ.

"ಏನಾಯ್ತಪ್ಪ?"

"ಕಾಣಲ್ವಾ? ದೀಪ ಹೋಯ್ತು. ಬೆಳಕು ಹರಿಯೋ ತನಕ ಇಲ್ಲೇ."

"ಹೆಡ್‌ಲೈಟು ಉರೀತಿದೆಯಲ್ಲ."

"ಅದರಲ್ಲಿ ಏನು ಕಾಣುತ್ತೆ?"

ಅವಳು ನನ್ನ ಕಡೆ ತಿರುಗಿ ನೋಡಿದ್ದು ಗೊತ್ತಾಯಿತು. ಆಮೇಲೆ ಮೆಲ್ಲಗೆ ಅಂದಳು, "ಎಲ್ಲಾ ಕಾಣುತ್ತಪ್ಪ."

"ಎಲ್ಲಾ ಅಂದ್ರೆ?"

"ಬಿಳಿ ಕಲ್ಲು ಕಾಣುತ್ತೆ, ಪ್ರಪಾತದ ಅಂಚಲ್ಲಿ. ಅದರ ಆಚೆ ಸಂತ ನಿಕೋಲಾನ ಗೂಡು. ಗೂಡಿನ ಹತ್ತಿರ ರಸ್ತೆ ಮೇಲೆ ಹಿಮ ಗಟ್ಟಿಯಾಗಿದೆ, ಹೊಳೀತಿದೆ. ಒಂದು ನರಿ ಈಗ ತಾನೇ ದಾಟಿಹೋಯ್ತು."

ನಾನು ಗಾಜಿಗೆ ಮೂಗು ತಾಗಿಸಿ ನೋಡಿದೆ. ಹಾಲಿನಲ್ಲಿ ಬೂದಿ ಕಲಸಿದ ಹಾಗಿತ್ತು. ನರಿ ಇರಲಿ, ನಿಕೋಲಾನೂ ಇರಲಿಲ್ಲ. ಮೂವತ್ತು ವರ್ಷದಿಂದ ದಿನಾ ಕೈಮುಗಿದ ಗೂಡು.

"ಅಪ್ಪ, ಈ ಕಡೆ ಬಾ. ನಾನು ಕೂರ್ತೀನಿ. ಹಾಲು ಹೆಪ್ಪುಗಟ್ಟುತ್ತೆ, ಪೆಂಕಾ ಕಾಯಲ್ಲ."

ಇಳಿದೆ. ಲಾರಿಯ ಮುಂದಿನಿಂದ ಸುತ್ತಿ ಬರುವಾಗ ಒಂದು ಕೈ ಬಂಪರಿನ ಮೇಲಿತ್ತು, ಅದನ್ನು ಬಿಡಲಿಲ್ಲ. ಚಳಿಗೆ.

ಅವಳು ಓಡಿಸಿದಳು. ಗೂಡಿನ ಹತ್ತಿರ ತಾನೇ ನಿಧಾನ ಮಾಡಿ ಹಿಮ ದಾಟಿಸಿದಳು. ನಾನು ಹೇಳಬೇಕಾಗಿ ಬರಲಿಲ್ಲ. ಏಳು ಹೊಡೆಯುವ ಮೊದಲೇ ಡೇರಿಯ ಅಂಗಳ. ಸ್ಟೇರಿಂಗ್ ಹಿಂದಿನಿಂದ ಇಳಿದ ನೆವೆನಾಳನ್ನು ನೋಡಿ ಪೆಂಕಾ ಹುಬ್ಬೇರಿಸಿದಳು.

"ಇದೇನು, ಹೊಸ ಡ್ರೈವರಾ?"

"ತರಬೇತಿ ಕೊಡ್ತಿದ್ದೀನಿ" ಅಂದೆ.

"ಯಾರಿಗೆ ಯಾರು?" ಅಂದಳು ಪೆಂಕಾ. ಹಾಲು ಮಾತ್ರ ಇಳಿಸಿಕೊಂಡಳು.

ಲೆಕ್ಕ ಹಾಕಿ ನೋಡಿದೆ. ನೆವೆನಾಗೆ ಬೆಕ್ಕಿನ ಕಣ್ಣು, ತಾಯಿಯ ಕಡೆಯಿಂದ ಬಂದದ್ದು. ಅವರ ಕುಲದವರೆಲ್ಲ ಕತ್ತಲಲ್ಲಿ ಕುರಿ ಕದಿಯುತ್ತಿದ್ದರು.

ಜನವರಿ 18

ಕನೆಕ್ಟರು ಬಿಚ್ಚಿದೆ. ಒಳಗೆ ಗಟ್ಟಿ ಹಿಮ. ಬೆರಳಲ್ಲಿ ಕೆದಕಿದರೆ ಒಳಗಿಂದ ಹಸಿರಾದದ್ದೇನೋ ಬಂತು. ಮೂಸಿದೆ. ಜೆರೇನಿಯಂ ಎಲೆ.

ತೋತ್ಕಾಳನ್ನು ಕರೆದು ಅಂಗೈಯಲ್ಲಿಟ್ಟು ತೋರಿಸಿದೆ. ದಿನಾ ಬೆಳಿಗ್ಗೆ ಶಾಸ್ತ್ರದ ನೀರು ಮೇಲ್ಮುಖದ ಬಾಯಿಗೆ ನೇರ ಇಳಿದು, ಬೆಟ್ಟ ಹತ್ತುವಷ್ಟರಲ್ಲಿ ಹೆಪ್ಪುಗಟ್ಟಿದೆ. ತಾಮ್ರದ ಮುಳ್ಳುಗಳಿಗೆ ಹಸಿರು ಕಿಲುಬು.

"ನಿನ್ನ ಶುಭ ನನ್ನ ದೀಪ ಆರಿಸಿತು ಕಣೇ."

"ಬಾಯಿ ಕೆಳಗಿಡು ಅಂತ ನೆವೆನಾ ಹೇಳಿರ್ಲಿಲ್ವಾ?"

"ಹೇಳಿದ್ಲು."

"ಮತ್ತೆ? ಬಾಯಿ ಯಾವಾಗಲೂ ಮೇಲೇ ಇಟ್ಕೊಂಡು ತಿರುಗೋನು ನೀನು. ನೀರು ಬಿದ್ರೆ ನೀರಿನ ತಪ್ಪಾ?"

ಕಿಲುಬು ಉಜ್ಜಿ, ಒರೆಸಿ, ಗ್ರೀಸು ತುಂಬಿ, ಬಾಯಿ ಕೆಳಗೆ ಮಾಡಿದೆ. ವೈರನ್ನು ಸ್ವಲ್ಪ ಜೋಲು ಬಿಟ್ಟೆ. ನೀರು ಇಳಿದು ಜೋಲಿನ ತುದಿಯಿಂದ ತೊಟ್ಟಿಕ್ಕಲಿ, ಒಳಗೆ ಹೋಗದಿರಲಿ. ಇದು ನನಗೇ ಹೊಳೆಯಿತು. ನೆವೆನಾ ಪಕ್ಕದಲ್ಲಿ ನಿಂತು ಬೆರಳಲ್ಲಿ ತೋರಿಸಿದ್ದು ನಿಜ, ಆದರೆ ಮಾಡಿದ್ದು ನನ್ನ ಕೈ.

ದೀಪ ಹತ್ತಿತು. ಉಂಗುರವೂ ಹಾಗೇ ಇದೆ.

ಜನವರಿ 26

ದೀಪ ಸರಿಯಾಗಿ ನಿಲ್ಲುತ್ತದೆಯೇ ಅಂತ ಪರೀಕ್ಷೆ ನಡೆಯುತ್ತಿದೆ. ಪರೀಕ್ಷೆ ಮಾಡುವವನು ಓಡಿಸುತ್ತಾ ಕೂರಬಾರದು, ಗಮನ ಹಂಚಿಹೋಗುತ್ತದೆ. ಹಾಗಾಗಿ ನೆವೆನಾ ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ಸ್ವಿಚ್ಚು ನೋಡಿಕೊಳ್ಳುತ್ತೇನೆ. ಮಂಜು ಬಂದಾಗ ಅವಳು, "ಅಪ್ಪ, ಆರಿಸು. ಮಂಜಲ್ಲಿ ಅದು ಗೋಡೆ ಕಟ್ಟುತ್ತೆ" ಅನ್ನುತ್ತಾಳೆ. ಆರಿಸುತ್ತೇನೆ. ಯಾವಾಗ ಆರಿಸಬೇಕು ಅಂತ ತಿಳಿದಿರುವುದೂ ಒಂದು ವಿದ್ಯೆ.

ಒಂದೊಂದು ಬಾಗಿಲಲ್ಲೂ ಮಾತು ನನ್ನದೇ. ಇವತ್ತು ಮೇಲಿನ ಹಳ್ಳಿಯ ಅಜ್ಜಿ ಝ್ಲಾತಾಳ ಹಾಲು ತೆಳ್ಳಗಿತ್ತು. ನೆವೆನಾ ನನ್ನನ್ನು ಮೀರಿ ಮುಂದೆ ಹೋಗಿ ಅಂದಳು, "ಅಜ್ಜಿ, ನಿಮ್ಮ ಹಸು ಈಚೆಗೆ ತುಂಬಾ ನೀರು ಕುಡಿಯುತ್ತಾ? ಚಳಿಗೆ ಒಳ್ಳೇದಲ್ಲ, ಗಂಟಲು ಕೆಡುತ್ತೆ." ಅಜ್ಜಿ ಕೆಂಪಾಗಿ, ಆಮೇಲೆ ನಕ್ಕು, ನಮಗಿಬ್ಬರಿಗೂ ಬಿಸಿ ಆಲೂಗಡ್ಡೆ ರೊಟ್ಟಿ ಸುತ್ತಿಕೊಟ್ಟಳು.

ಆ ಮಾತು ನಾನು ಕಲಿಸಿದ್ದಲ್ಲ. ಆದರೆ ಸರಕು ಯಾರ ಅಂಗಡಿಯದು ಅಂತ ಗೊತ್ತಾಗುತ್ತದೆ.

ಹಿಂದಿರುಗುವಾಗ ನಿದ್ದೆ ಹತ್ತಿತು. ಲಾರಿಯಲ್ಲಿ ನಿದ್ದೆ ಮಾಡಬಹುದು ಅಂತ ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಜನವರಿ 31

ಈ ಎರಡು ವಾರದಲ್ಲಿ ಒಂದು ದಿನವೂ ತಡವಿಲ್ಲ. ಪೆಂಕಾ ಹೇಳಿದಳು, "ಸುತ್ತು ನಿಮ್ಮನೇಲೇ ಇರುತ್ತೆ. ಯಜಮಾನರು ಒಪ್ಪಿದ್ರು." ಚಾವ್ದರನಿಗೆ ನಾನೇ ಕಾಫಿ ಕೊಡಿಸಿದೆ. ಗೆದ್ದವನಿಗೆ ಅದು ಶೋಭೆ. ಅವನು ಕಪ್ಪು ಎತ್ತಿ, "ನಿನ್ನ ಡ್ರೈವರಿಗೆ ಆಯಸ್ಸು ಹೆಚ್ಚಲಿ, ಬಾಯ್ ಕಾಲ್ಚೊ" ಅಂದ. "ದೀಪಕ್ಕೆ ಅನ್ನು" ಅಂದೆ.

ಫೆಬ್ರವರಿ 10

ತೋತ್ಕಾಳ ಬಾಯಿ ಮುಚ್ಚಿಸಲು ಪ್ಲೋವ್ದಿವ್‌ಗೆ ಹೋಗಿ ಕಣ್ಣು ತೋರಿಸಿದೆ.

ಬೆಳಿಗ್ಗೆ ಹೊರಡುವಾಗ ತಂಬಿಗೆ ಹಿಡಿದು ಬಂದಳು. ಮೊದಲು ಸ್ಟೇರಿಂಗ್ ಕಡೆಯ ಬಾಗಿಲಿಗೆ ಹೋಗಿ ನೆವೆನಾಳ ಕಾಲ ಮುಂದೆ ಚೆಲ್ಲಿದಳು. ಆಮೇಲೆ ಸುತ್ತಿ ಬಂದು ನನ್ನ ಮುಂದೆ. ನನ್ನ ಪಾಲಿಗೆ ಕಡಿಮೆ ಬಿತ್ತು ಅನಿಸಿತು. ಜೆರೇನಿಯಂ ಚಿಗುರು ಮಾತ್ರ ನನ್ನ ಜೇಬಿಗೆ ಸಿಕ್ಕಿಸಿದಳು. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ದೀಪಕ್ಕೆ ಸುರಿಯಲಿಲ್ಲ.

ಡಾಕ್ಟರಮ್ಮ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಪೊರೆ ಬಂದಿದೆ. ಬಲಗಣ್ಣಿಂದು ಚೆನ್ನಾಗಿ ಬಲಿತಿದೆ. ಎಷ್ಟು ದಿನದಿಂದ ಗಾಡಿ ಓಡಿಸ್ತಿಲ್ಲ?" ಅಂತ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನೆವೆನಾ, "ಜನವರಿ ಹದಿನೇಳರಿಂದ" ಅಂದಳು.

ತಾರೀಖು ಅವಳ ನೆನಪಲ್ಲೂ ಇದೆ.

ಡಾಕ್ಟರಮ್ಮ ಹೇಳಿದ್ದರ ಸಾರಾಂಶ: ಗಾಜು ಮಸುಕಾಗಿದೆ, ಬದಲಿಸಬೇಕು, ಒಳಗಿನ ವೈರಿಂಗ್ ಗಟ್ಟಿಯಾಗಿದೆ. ಅದನ್ನು ನಾನು ಮೊದಲೇ ಹೇಳಬಹುದಿತ್ತು.

ಫೆಬ್ರವರಿ 23

ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಕಟ್ಟಿದ್ದಾರೆ. ಎಡಗಣ್ಣಿಂದ ಬರೆಯುತ್ತಿದ್ದೇನೆ, ಅಕ್ಷರಗಳು ಮೇಕೆ ಹಿಂಡಿನ ಹಾಗೆ ಚದುರಿವೆ. ನೆವೆನಾ ಒಬ್ಬಳೇ ಹಾಲಿನ ಸುತ್ತು ಮುಗಿಸಿ ಬಂದಳು. ಝ್ಲಾತಾ ಅಜ್ಜಿಯ ಹಾಲು ಈಗ ಗಟ್ಟಿಯಂತೆ.

ಮಾರ್ಚ್ 1

ಬೆಳಿಗ್ಗೆ ತೋತ್ಕಾ ಎಲ್ಲರ ಮಣಿಕಟ್ಟಿಗೂ ಮಾರ್ತೆನಿತ್ಸಾ ಕಟ್ಟಿದಳು, ಮಾರ್ಚಿನ ಕೆಂಪು ಬಿಳಿ ದಾರ. ಎಷ್ಟು ಕೆಂಪು! ಇಷ್ಟು ಕೆಂಪು ದಾರ ಈಗ ಎಲ್ಲಿ ಸಿಗುತ್ತದೆ ಅಂತ ಕೇಳಿದೆ. "ಹೋದ ವರ್ಷದ್ದೇ ಉಂಡೆ" ಅಂದಳು.

ಆಮೇಲೆ ಅಂಗಳಕ್ಕೆ ಹೋಗಿ ಲಾರಿಗೂ ಒಂದು ಕಟ್ಟಿದಳು, ದೀಪದ ಪಟ್ಟಿಯ ನಡುಮಧ್ಯಕ್ಕೆ. ಎರಡು ಗೊಂಡೆಗಳು ಕೆಳಕ್ಕೆ ಜೋತುಬಿದ್ದವು. ಗಾಳಿಯಿರಲಿಲ್ಲ. ಗಾರೆಯವನ ತೂಗುಗುಂಡಿನ ದಾರದಂತೆ ನೇರ ನಿಂತವು.

ನಾನು ಮೆಟ್ಟಿಲ ಮೇಲಿದ್ದೆ. ಬಲಗಣ್ಣಲ್ಲಿ ನೋಡಿದೆ. ದಾರ ನೋಡಿದೆ, ಪಟ್ಟಿ ನೋಡಿದೆ. ಮತ್ತೆ ದಾರ ನೋಡಿದೆ.

ಪಟ್ಟಿ ವಾಲಿದೆ. ಒಂದು ಕೂದಲೆಳೆಯಲ್ಲ, ಮೂರು ಬೆರಳು ವಾಲಿದೆ. ಮೇಜಿನ ಮೇಲಿದ್ದರೆ ಸೇಬು ಉರುಳಿಹೋಗುತ್ತಿತ್ತು.

"ನೆವೆನಾ!"

ಬಂದಳು.

"ಇದು ಯಾವಾಗಿಂದ ಹಿಂಗಿದೆ?"

ಅವಳು ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ನೋಡಿದಳು. "ಮೊದಲ ದಿನದಿಂದ."

"ಊರೋರೆಲ್ಲ ನೋಡಿದ್ದಾರಾ?"

"ಡೇರಿ, ಕಾಫಿ ಅಂಗಡಿ, ಮೇಲಿನ ಹಳ್ಳಿಗಳು. ಝ್ಲಾತಾ ಅಜ್ಜಿ ಕೂಡ."

"ಅವಳಿಗೆ ತೊಂಬತ್ತು ವರ್ಷ!"

"ಅವಳೇ ಮೊದಲು ಹೇಳಿದ್ದು, ಅಪ್ಪ."

"ಇಷ್ಟು ದಿನ ಓಡಿಸಿದ್ದೀಯಾ, ಒಂದು ಪಾನಾ ಹಿಡಿದು ಸರಿ ಮಾಡೋಕೆ ನಿನಗೇನಾಗಿತ್ತು?"

"ಲಾರಿ ನಿಂದಲ್ವಾ" ಅಂದಳು. "ನೀನು ನೋಡೋ ತನಕ ಇರಲಿ ಅಂದ್ಕೊಂಡೆ."

ಒಳಗೆ ಹೋಗಿ ಪಾನಾ ತಂದೆ. ಮಟ್ಟಗೋಲನ್ನೂ ತಂದೆ. ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂರಲು ಹೋದವನು ನಿಂತೆ. ಡಾಕ್ಟರಮ್ಮ ಬಗ್ಗಬಾರದು ಅಂದಿದ್ದಾಳೆ. ಅಂದಿರದಿದ್ದರೂ, ಗಾಡಿಯ ಬೋಲ್ಟು ಓಡಿಸುವವರ ಕೈಯಲ್ಲೇ ಬಿಗಿಯಾಗಬೇಕು. ತಿರುವಿನಲ್ಲಿ ಅದರ ಮೇಲೆ ನಂಬಿಕೆ ಇಡುವವರು ಅವರು. ಎರಡನ್ನೂ ನೆವೆನಾಳ ಕೈಗೆ ಕೊಟ್ಟು ಹತ್ತು ಹೆಜ್ಜೆ ಹಿಂದೆ ಸರಿದು ನಿಂತೆ.

"ಎಡಗಡೆ ಎತ್ತು. ಇನ್ನೂ. ಇನ್ನೊಂಚೂರು. ಹಾ, ಸಾಕು. ಬಿಗಿ."

ಬಿಗಿದಳು. ಗೊಂಡೆಗಳು ಸ್ವಲ್ಪ ತೂಗಾಡಿ ನಿಂತವು. ಈಗ ನೇರವಾಗಿದೆ. ಮಟ್ಟಗೋಲನ್ನು ಅವಳು ಪಟ್ಟಿಯ ಮೇಲೆ ಇಟ್ಟು ನೋಡಲೇ ಇಲ್ಲ.